ಶಂಶಾಬಾದಿನ ಪ್ಲಾಟು ಮತ್ತು ಒಂದು ಗ್ರೀಕ್ ಪದ

ಮೊದಲಿಗೆ ಕ್ಷಮೆ ಕೇಳುತ್ತೇನೆ. ಈ ಕತೆ ಹೇಳುವ ಯಾವ ಅರ್ಹತೆಯೂ ನನಗಿಲ್ಲ. ಗ್ರೀಕ್ ಬರುವುದಿಲ್ಲ. ಸಸ್ಯಶಾಸ್ತ್ರ ಓದಿಲ್ಲ (ನಾನು ಹೋಗುತ್ತಿದ್ದ ಸಂಜೆ ಕಾಲೇಜಿನಲ್ಲಿ ಕಾಮರ್ಸ್ ಬಿಟ್ಟು ಬೇರೇನೂ ಇರಲಿಲ್ಲ, ಕಾಮರ್ಸ್ ಮೇಷ್ಟ್ರಿಗೂ ಕೊನೆಯ ಬಸ್ಸಿನ ಚಿಂತೆಯೇ ಹೆಚ್ಚು). ಶಂಶಾಬಾದಿನಲ್ಲಿ ನನಗೆ ಗೇಣು ಜಾಗವೂ ಇಲ್ಲ. ಆದರೂ ಒಂದು ಗ್ರೀಕ್ ಪದವನ್ನೂ ಶಂಶಾಬಾದಿನ ಒಂದು ಪ್ಲಾಟನ್ನೂ ಒಂದೇ ದಾರದಲ್ಲಿ ಪೋಣಿಸಲು ಕೂತಿದ್ದೇನೆ. ತಿಳಿದವರು ದಯವಿಟ್ಟು ಪುಟ ಮಗುಚಿ ಮುಂದಿನ ಬರಹಕ್ಕೆ ಹೋಗಿ. ತಿಳಿಯದವರು ಇರಿ, ನಾವು ನಾವೇ ಮಾತಾಡಿಕೊಳ್ಳೋಣ.

ಹೇಗೆ ಶುರು ಮಾಡುವುದು?

1

‘ಸಿಂಬಯೋಸಿಸ್ ಎಂಬುದು ಗ್ರೀಕ್ ಮೂಲದ ಪದ. ಸಿನ್ ಎಂದರೆ ಜೊತೆಗೆ, ಬಯೋಸ್ ಎಂದರೆ ಬದುಕು. ಕನ್ನಡದಲ್ಲಿ ಸಹಜೀವನ ಎನ್ನಬಹುದು.’

(ಮುಗಿದೇ ಹೋಯಿತಲ್ಲ. ಇಷ್ಟನ್ನು ಹತ್ತನೇ ಕ್ಲಾಸಿನ ಗೈಡಿನಲ್ಲೂ ಓದಬಹುದು. ಹರಿದು ಹಾಕಿದೆ.)

1, ಮತ್ತೊಮ್ಮೆ

‘ಶಂಶಾಬಾದಿನ ಬಂಡೆಗಳ ಹಿಂದೆ ಸೂರ್ಯ ಮುಳುಗುತ್ತಿದ್ದ. ಗುಡಿಸಲಿನ ಮುಂದೆ ಸುಗಲಮ್ಮ ಒಲೆಗೆ ಕಡ್ಡಿ ತುರುಕುತ್ತಿದ್ದಳು. ಅವಳ ಕಣ್ಣಲ್ಲಿ...’

(ಅವಳ ಕಣ್ಣಲ್ಲಿ ಹೊಗೆ ಇತ್ತು. ಹಸಿ ಕಡ್ಡಿ. ಕತೆಗಾರರು ಬಡವರ ಕಣ್ಣಲ್ಲಿ ಬೇರೆ ಏನೇನೋ ಕಾಣುತ್ತಾರೆ, ನನಗೆ ಹೊಗೆಯೇ ಕಂಡಿತು. ಇದನ್ನೂ ಹರಿದು ಹಾಕಿದೆ.)

2

ನೇರವಾಗಿ ಹೇಳಿಬಿಡುತ್ತೇನೆ. ಪ್ರಾಣೇಶರಾಯರು ಕೇಂದ್ರ ಸರಕಾರದ ಒಂದು ಕಚೇರಿಯಿಂದ ನಿವೃತ್ತರಾದವರು. ಮೂಲ ರಾಯಚೂರಿನ ಕಡೆ, ವಾಸ ಹೈದರಾಬಾದಿನ ಮೆಹದಿಪಟ್ಟಣಂ. ಮನೆಯೊಳಗೆ ಕನ್ನಡ, ಬಾಗಿಲ ಹೊರಗೆ ತೆಲುಗು, ಆಟೋದವನೊಂದಿಗೆ ಹಿಂದಿ. ಅವರ ಕಚೇರಿಯ ಸೊಸೈಟಿಯವರು ಯಾವುದೋ ಕಾಲದಲ್ಲಿ ಶಂಶಾಬಾದಿನ ಹತ್ತಿರ ಸದಸ್ಯರಿಗೆ ಪ್ಲಾಟು ಹಂಚಿದ್ದರು. ಆಗ ಅಲ್ಲಿ ಇದ್ದದ್ದು ಬಂಡೆ, ಸೀತಾಫಲದ ಗಿಡ ಮತ್ತು ನವಿಲು. ಪ್ಲಾಟು ತೋರಿಸಲು ರಾಯರು ಹೆಂಡತಿ ಯಮುನಾಬಾಯಿಯನ್ನು ಕರೆದುಕೊಂಡು ಹೋದಾಗ ಅವರು ಕೇಳಿದ್ದು ಒಂದೇ ಮಾತು: “ಇಲ್ಲೆ ಯಾರು ಇರೂದು? ನಾವೋ, ನವಿಲೋ?”

ಆಮೇಲೆ ವಿಮಾನ ನಿಲ್ದಾಣ ಅಲ್ಲಿಗೇ ಬರುತ್ತದೆ ಎಂದಾಯಿತು. ಹೈಟೆಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳು ಎದ್ದವು, ಅವುಗಳಲ್ಲಿ ಕೂರುವವರಿಗೆ ಮನೆ ಬೇಕಾಯಿತು. ಬಂಡೆಗಳಿಗೆ ಬೆಲೆ ಬಂತು. ನವಿಲು ಎಲ್ಲಿಗೆ ಹೋಯಿತೋ ಯಾರೂ ವಿಚಾರಿಸಲಿಲ್ಲ.

ಬೆಲೆ ಬಂದ ಮೇಲೆ ಖಾಲಿ ಜಾಗ ನುಂಗುವ ಕಬ್ಜಾದವರೂ ಬರುತ್ತಾರೆ. ಎದುರಿನ ಪ್ಲಾಟಿನವರು ತಮ್ಮ ಹೆಸರಿನ ಬೋರ್ಡು ನೆಟ್ಟು ನಿಶ್ಚಿಂತೆಯಿಂದ ಹಬ್ಬಕ್ಕೆ ಊರಿಗೆ ಹೋದರು. ತಿರುಗಿ ಬಂದಾಗ ಬೋರ್ಡು ಅಲ್ಲೇ ಇತ್ತು, ಹೆಸರು ಬೇರೆಯಾಗಿತ್ತು, ಬಣ್ಣ ಇನ್ನೂ ಕೈಗೆ ಹತ್ತುತ್ತಿತ್ತು. ಆದ್ದರಿಂದ ಆ ಕಡೆಯೆಲ್ಲ ಒಂದು ಪದ್ಧತಿ ಬೆಳೆದುಕೊಂಡಿತು. ಖಾಲಿ ಪ್ಲಾಟಿನಲ್ಲಿ ಒಂದು ಕೂಲಿ ಸಂಸಾರವನ್ನು ತಂದು ಇಡುವುದು. ಅವರು ಬಾಡಿಗೆ ಕೊಡುವಂತಿಲ್ಲ, ಇವರು ಸಂಬಳ ಕೊಡುವಂತಿಲ್ಲ. ಅವರ ಹೊಗೆ ಏಳುತ್ತಿದ್ದರೆ ಸಾಕು, ಇವರ ಜಾಗ ಇವರದು.

ಮೆಹದಿಪಟ್ಟಣಂನಲ್ಲಿ ಕೂಲಿಗೆ ಕಾಯುವವರು ನಿಲ್ಲುವ ಅಡ್ಡಾದಲ್ಲಿ ಒಬ್ಬಾತ ಕನ್ನಡದಲ್ಲಿ ಬೀಡಿ ಕೇಳುವುದು ರಾಯರ ಕಿವಿಗೆ ಬಿತ್ತು. ಅವನು ಅಮರಯ್ಯ, ಯಾದಗಿರಿ ಕಡೆಯವನು, ಗಾರೆ ಕೆಲಸ. “ನಮ್ಮ ಕಡಿಯವ” ಎಂದು ರಾಯರ ಕರುಳು ಕರಗಿತು. (ಪುಕ್ಕಟೆ ಕಾವಲುಗಾರ ಸಿಕ್ಕಾಗ ಯಾರ ಕರುಳಾದರೂ ಕರಗುತ್ತದೆ.) ಅಮರಯ್ಯ, ಅವನ ಹೆಂಡತಿ ಸುಗಲಮ್ಮ, ಮಗಳು ಗಂಗಾ ಪ್ಲಾಟಿನ ಮೇಲೆ ತಗಡು ಹೊದಿಸಿಕೊಂಡು ನೆಲೆಯಾದರು. ಅಮರಯ್ಯ ವಿಮಾನ ನಿಲ್ದಾಣದ ಕಾಮಗಾರಿಗೆ ಹೋಗತೊಡಗಿದ, ಗಂಗಾ ಅಲ್ಲಿನ ತೆಲುಗು ಶಾಲೆಗೆ. ಕಾವಲು ಸುಗಲಮ್ಮನ ಪಾಲಿಗೆ ಬಂತು.

ಮೊದಲ ದಿನವೇ ರಾಯರು ಅವಳಿಗೆ ಪಾಠ ಮಾಡಿದರು.

“ಕರಿ ಚಷ್ಮಾ ಹಾಕ್ಕೊಂಡು ಯಾರರೆ ಕಾರಿನ್ಯಾಗ ಬಂದು, ಹೆಜ್ಜಿ ಹಾಕಿ ಅಳದು, ಈ ಜಾಗಾ ಯಾರದು ಅಂತ ಕೇಳಿದ್ರ ಏನಂತಿ?”

“ಸಾಹೇಬ್ರದ್ರಿ ಅಂತೀನ್ರಿ.”

“ಅಲ್ಲೇ ತಪ್ಪಿದಿ ನೋಡು. ಹಂಗಂದ್ರ ಸಾಹೇಬ ಇಲ್ಲಿಲ್ಲ ಅಂತ ಅವರಿಗೆ ಗೊತ್ತಾತು. ನಮ್ಮದು ಅನ್ನಬೇಕು. ತೆಲುಗಿನ್ಯಾಗ. ಈ ಜಾಗ ಮಾದಿ. ಅನ್ನು.”

“ನಿಮ್ಮ ಜಾಗಾ ನಂದು ಅನ್ಲೇನ್ರಿ? ಸುಳ್ಳಾಗಂಗಿಲ್ಲೇನ್ರಿ?”

“ಸುಳ್ಳಲ್ಲ ಇದು. ಒಂದು ವ್ಯವಸ್ಥಾ. ಅನ್ನು.”

“ಈ ಜಾಗ ಮಾದಿ.”

“ಅಷ್ಟು ಸಣ್ಣ ದನೀಲೆ ಅಂದ್ರ ಯಾರು ಅಂಜತಾರ? ಗಟ್ಟಿಯಾಗಿ. ಕೈಯಾಗ ಬಾರಿಗಿ ಹಿಡಕೊಂಡು.”

ಅಮರಯ್ಯ ಮೂಲೆಯಲ್ಲಿ ಕೂತು ನಗುತ್ತಿದ್ದ. “ಸಾಹೇಬ್ರ, ಹಂಗ ನನಗ ಅನ್ನೂದು ಆಕಿಗಿ ರೂಢಿ ಐತ್ರಿ. ಜರಾ ಜೋಪಾನ” ಎಂದ. ಸುಗಲಮ್ಮ ಪೊರಕೆ ಎತ್ತಿ ಗಟ್ಟಿಯಾಗಿ ಹೇಳಿದಳು. ಪಕ್ಕದ ಪ್ಲಾಟಿನ ನಾಯಿ ಎದ್ದು ಹೋಯಿತು. ರಾಯರಿಗೆ ತೃಪ್ತಿಯಾಯಿತು.

ಅವಳು ಕಲಿತ ಮೊದಲ ತೆಲುಗು ವಾಕ್ಯ ಅದು. ಕಲಿಸಿದವರು ಜಾಗದ ಮಾಲೀಕರು. ಓದುಗರೇ, ಇದನ್ನು ಮರೆಯಬೇಡಿ. (ಮರೆತರೂ ನಾನು ನೆನಪಿಸುತ್ತೇನೆ, ನನಗೆ ಓದುಗರ ಮೇಲೆ ನಂಬಿಕೆ ಕಡಿಮೆ. ನನ್ನ ಮೇಲೆ ಇನ್ನೂ ಕಡಿಮೆ.)

3

ಈಗ ಪದ ಬರಬೇಕು. ಅದು ಹೈಟೆಕ್ ಸಿಟಿಯಿಂದ ಕಂಪನಿಯ ಕ್ಯಾಬಿನಲ್ಲಿ ಬಂತು.

ರಾಯರ ಮಗಳು ಪ್ರಾಜಕ್ತಾ ಬಾಟನಿಯಲ್ಲಿ ಬಿಎಸ್ಸಿ ಮಾಡಿದವಳು. ಆ ಕಾಲದಲ್ಲಿ ಹೈದರಾಬಾದಿನಲ್ಲಿ ಬಾಟನಿ ಓದಿದವರೂ ಝುವಾಲಜಿ ಓದಿದವರೂ ಅಮೀರಪೇಟೆಯಲ್ಲೊಂದು ಕಂಪ್ಯೂಟರ್ ಕೋರ್ಸು ಮುಗಿಸಿ ಸಾಫ್ಟ್‌ವೇರ್ ಎಂಬ ಒಂದೇ ಕುಲಕ್ಕೆ ಸೇರುತ್ತಿದ್ದರು. ಪ್ರಾಜಕ್ತಾಳೂ ಸೇರಿದ್ದಳು. ಒಂದು ಸಂಜೆ ಮನೆಗೆ ಬಂದವಳೇ ಸೋಫಾದ ಮೇಲೆ ಬ್ಯಾಗು ಎಸೆದು ಹೇಳಿದಳು:

“ಅಪ್ಪಾ, ಇವತ್ತ ನಮ್ಮ ಮ್ಯಾನೇಜರ್ ಹೊಸಾ ಪದಾ ಹಿಡಕೊಂಡ್ ಬಂದಾನ. ನಮಗೂ ಕ್ಲೈಂಟಿಗೂ ಇರೂದು ಸಿಂಬಯೋಸಿಸ್ ಅಂತ.”

“ಹಂಗಂದ್ರ?”

“ಅವರು ಫೋನ್ ಮಾಡಿದಾಗ ನಾವು ಎತ್ತಬೇಕು. ನಾವು ಮಾಡಿದಾಗ ಅವರು ಮೀಟಿಂಗಿನ್ಯಾಗ ಇರ್ತಾರ. ಅದಕ್ಕ ಸಿಂಬಯೋಸಿಸ್ ಅಂತ ಹೆಸರು.”

ಯಮುನಾಬಾಯಿ ಬೇಗಂ ಬಜಾರಿನಿಂದ ತಂದ ಮಸಾಲೆ ಸಾಮಾನನ್ನು ಮೊರದಲ್ಲಿ ಹರವಿಕೊಂಡು ಕಸ ಆರಿಸುತ್ತಿದ್ದರು. ಪ್ರಾಜಕ್ತಾ ಅದರಿಂದ ಒಂದು ಕಪ್ಪು ಚೂರು ಎತ್ತಿದಳು. ಕಲ್ಲುಹೂವು.

“ಇದರ ಸಲುವಾಗೇ ಆ ಪದ ಹುಟ್ಟಿದ್ದು ಅಪ್ಪಾ. ಇದು ಹೂವೂ ಅಲ್ಲ, ಗಿಡಾನೂ ಅಲ್ಲ. ಎರಡು ಜೀವ. ಒಂದು ಬೂಷ್ಟು, ಒಂದು ಪಾಚಿ. ಬೂಷ್ಟು ಕಲ್ಲಿನ ಮ್ಯಾಲ ಮನಿ ಕಟ್ಟತದ, ಪಾಚಿ ಒಳಗ ಕೂತು ಬಿಸಿಲಿನ್ಯಾಗ ಅಡಿಗಿ ಮಾಡ್ತದ.”

ಯಮುನಾಬಾಯಿ ಕೈ ನಿಲ್ಲಿಸಿದರು. “ಅಂದ್ರ ಇಷ್ಟು ವರ್ಷ ನಾ ಯಾರದೋ ಸಂಸಾರ ಹುರದು ಕುಟ್ಟಿ ಸಾರಿಗೆ ಹಾಕ್ಲಿಕ್ಕತ್ತಿದ್ನೇನು?”

ಇಲ್ಲಿ ಸ್ವಲ್ಪ ಇತಿಹಾಸ ಹೇಳಬೇಕು. (ತಪ್ಪಿದ್ದರೆ ತಿದ್ದಿ. ನಿಜಕ್ಕೂ ತಿದ್ದಿ, ನನಗೆ ನಿದ್ದೆ ಬರುವುದಿಲ್ಲ.) ಗ್ರೀಕರಲ್ಲಿ ಈ ಪದ ಮನುಷ್ಯರಿಗೇ ಇತ್ತು. ಜೊತೆಗೆ ಬಾಳುವುದು, ಸಂಗಾತ, ಸಂಸಾರ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಜರ್ಮನಿಯ ಸಸ್ಯವಿಜ್ಞಾನಿಗಳು ಕಲ್ಲುಹೂವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ತಲೆ ಕೆಡಿಸಿಕೊಂಡಿದ್ದರು. ಒಂದು ಎಂದುಕೊಂಡದ್ದು ಎರಡಾಗಿ ಕಾಣುತ್ತಿತ್ತು. ಒಬ್ಬರು ಈ ಪದಕ್ಕೆ ಹತ್ತಿರದ್ದೊಂದನ್ನು ಬಳಸಿದರು. ಆಮೇಲೆ ಡಿ ಬಾರಿ ಎಂಬುವರು ಸಿಂಬಯೋಸಿಸ್ ಎಂದು ಹೆಸರಿಟ್ಟು ಅರ್ಥ ಕಟ್ಟಿದರು: ಬೇರೆ ಬೇರೆ ಹೆಸರಿನ ಜೀವಿಗಳು ಒಟ್ಟಿಗೆ ಬದುಕುವುದು. ಅಷ್ಟೇ. ಇಬ್ಬರಿಗೂ ಲಾಭ ಇರಬೇಕು ಎಂದು ಅವರು ಹೇಳಲಿಲ್ಲ. ಒಂದು ಇನ್ನೊಂದರ ರಕ್ತ ಹೀರುತ್ತಿದ್ದರೂ ಅವರ ಲೆಕ್ಕದಲ್ಲಿ ಅದೂ ಸಿಂಬಯೋಸಿಸ್ಸೇ. ಇಬ್ಬರಿಗೂ ಒಳಿತು ಎಂಬ ಸಕ್ಕರೆಯನ್ನು ಜನ ಆಮೇಲೆ ಸೇರಿಸಿಕೊಂಡರು. ಕಂಪನಿಗಳು ಇನ್ನೂ ಎರಡು ಚಮಚ ಜಾಸ್ತಿ ಹಾಕಿದವು.

ಪ್ರಾಜಕ್ತಾ ಇದನ್ನೆಲ್ಲ ಹೇಳಿದಳು. ಪ್ರಾಣೇಶರಾಯರು ಮನೆ ಕಟ್ಟುವುದು, ಅಡುಗೆ ಮಾಡುವುದು ಎಂಬಲ್ಲಿಯವರೆಗೆ ಕೇಳಿಸಿಕೊಂಡು ಕಿವಿ ಮುಚ್ಚಿಕೊಂಡಿದ್ದರು. ಅವರ ಮುಖ ಅರಳಿತ್ತು.

“ಯಮುನಾ, ನೋಡು! ನನಗೂ ಸುಗಲಮ್ಮಗೂ ಇರೂದು ಇದೇ. ಆಕಿಗೆ ನೆಲಿ, ನನಗ ಕಾವಲು. ಸಿಂಬಯೋಸಿಸ್!”

“ರಕ್ತ ಹೀರೂದೂ ಅದರಾಗೇ ಬರ್ತದ ಅಂದ್ಲಲ್ಲ ಈಕಿ?”

“ಅದು ಬ್ಯಾರೆ ಪ್ರಕಾರ.”

“ಯಾವ ಪ್ರಕಾರ ಅಂತ ಹೀರವರನ್ನ ಕೇಳಬೇಕೋ, ಹೀರಿಸಿಕೊಂಡವರನ್ನೋ?” ಎಂದು ಯಮುನಾಬಾಯಿ ಕಲ್ಲುಹೂವನ್ನು ಬಾಣಲೆಗೆ ಹಾಕಿದರು.

5

(4 ಬರೆದಿದ್ದೆ. ಅದರಲ್ಲಿ ಸುಗಲಮ್ಮನನ್ನು ಪಾಚಿಗೆ ಹೋಲಿಸಿ ಒಂದು ಉದ್ದನೆಯ ಉಪಮೆ ಇತ್ತು. ಚೆನ್ನಾಗಿಯೇ ಬಂದಿತ್ತು. ಅಷ್ಟರಲ್ಲಿ ಅವಳೇ ಈ ಆವರಣದೊಳಗೆ ನುಗ್ಗಿದಳು.

“ಏ ಅಣ್ಣಾರ, ಪಾಚಿ ಅಂದ್ರಿ ಯಾರಿಗಿ?”

“ಬೈಗುಳ ಅಲ್ಲ ಸುಗಲಮ್ಮ. ಪಾಚಿ ಅಡುಗೆ ಮಾಡುತ್ತದೆ. ಇಬ್ಬರನ್ನೂ ಸಾಕುತ್ತದೆ.”

“ಹೌದಾ? ಮತ್ತ ಸಾಹೇಬ್ರು ಏನ್ರಿ ಅದರಾಗ?”

“ಅವರು ಬೂಷ್ಟು.”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. “ಇದನ್ನ ಅವರಿಗಿ ಹೇಳೀರೇನ್ರಿ?”

“ಇನ್ನೂ ಇಲ್ಲ.”

“ಹೇಳಾಗ ನನ್ನೂ ಕರೀರಿ. ಅವರ ಮಾರಿ ನೋಡಬೇಕು.” ಆಮೇಲೆ ನಗು ನಿಲ್ಲಿಸಿ ಕೇಳಿದಳು: “ಅಲ್ರಿ, ಬೂಷ್ಟು ಮನಿ ಕಟ್ಟತೈತಿ ಅಂದ್ರಿ. ಇಲ್ಲಿ ತಗಡು ಹೊತ್ತವರು ನಾವು, ಮಣ್ಣು ಕಲಸಿದವರು ನಾವು. ಅಡಿಗೀನೂ ನಂದ. ಮತ್ತ ಅವರದೇನ್ರಿ?”

ಉಪಮೆಯನ್ನು ಹರಿದು ಹಾಕಿದೆ. ಸಂಜೆ ಕಾಲೇಜಿನವರ ಉಪಮೆಗಳು ಹೀಗೆಯೇ, ಅರ್ಧ ದಾರಿಯಲ್ಲಿ ಪಂಕ್ಚರ್ ಆಗುತ್ತವೆ.)

6

ಬಿಲ್ಡರ್ ಬಂದ. ರಾಮಕೃಷ್ಣ ಎಂದು ಹೆಸರು, ಬಿಳಿ ಶರ್ಟು, ಕರಿ ಕನ್ನಡಕ, ಎರಡು ಮೊಬೈಲು. ಒಪ್ಪಂದ ಸರಳವಾಗಿತ್ತು. ರಾಯರ ನೆಲ, ಅವನ ಸಿಮೆಂಟು, ಎದ್ದು ನಿಂತ ಫ್ಲ್ಯಾಟುಗಳಲ್ಲಿ ಇಬ್ಬರಿಗೂ ಪಾಲು. ರಾಯರು ಇದಕ್ಕೂ ಮನಸ್ಸಿನಲ್ಲೇ ಸಿಂಬಯೋಸಿಸ್ ಎಂದು ಹೆಸರಿಟ್ಟಿದ್ದರು. ಒಮ್ಮೆ ಪದ ಸಿಕ್ಕರೆ ಮನುಷ್ಯ ಅದನ್ನು ಎಲ್ಲದಕ್ಕೂ ಹಚ್ಚುತ್ತಾನೆ, ಅಮೃತಾಂಜನದ ಹಾಗೆ.

ಪ್ಲಾಟು ನೋಡಲು ಗೊತ್ತುಮಾಡಿದ ದಿನ ರಾಯರು ತೆಂಗಿನಕಾಯಿ ಕೊಳ್ಳಲು ಹೆದ್ದಾರಿಯ ಅಂಗಡಿಯ ಹತ್ತಿರ ಇಳಿದುಕೊಂಡರು. ಶುಭ ಕೆಲಸ, ಬರಿಗೈಯಲ್ಲಿ ಹೋಗಬಾರದು. ಬಿಲ್ಡರ್‌ನ ಕಾರು ಮುಂದೆ ಹೋಯಿತು. ಅವನು ಇಳಿದು, ಹೆಜ್ಜೆ ಹಾಕಿ ಅಗಲ ಅಳೆಯುತ್ತಾ, ಗುಡಿಸಲಿನಿಂದ ಹೊರಬಂದ ಹೆಂಗಸನ್ನು ತೆಲುಗಿನಲ್ಲಿ ಕೇಳಿದ: ಈ ಜಾಗ ಯಾರದು?

ಕರಿ ಕನ್ನಡಕ, ಕಾರು, ಹೆಜ್ಜೆ ಅಳತೆ. ರಾಯರು ಪಾಠದಲ್ಲಿ ವರ್ಣಿಸಿದ್ದ ಎಲ್ಲ ಲಕ್ಷಣಗಳೂ ಅವನಲ್ಲಿದ್ದವು. ಸುಗಲಮ್ಮ ಪೊರಕೆ ಎತ್ತಿದಳು.

“ಈ ಜಾಗ ಮಾದಿ!”

ಅಕ್ಕಪಕ್ಕದ ಪ್ಲಾಟುಗಳ ಕಾವಲಿನವರು ಓಡಿ ಬಂದರು. ಹೌದು, ಇದು ಅಮ್ಮನದೇ, ನಾವು ಬಂದಾಗಿನಿಂದ ನೋಡುತ್ತಿದ್ದೇವೆ, ಎಂದು ಅವರೂ ಕೈಯೆತ್ತಿ ಹೇಳಿದರು. ಅವರು ಸುಳ್ಳಾಡಲಿಲ್ಲ. ಬಂದವರಿಗೆಲ್ಲ ಅವಳು ಹೇಳುತ್ತಿದ್ದುದನ್ನು ಅವರೂ ಕೇಳಿಸಿಕೊಂಡಿದ್ದರು, ಕೇಳಿ ಕೇಳಿ ನಂಬಿದ್ದರು.

ತೆಂಗಿನಕಾಯಿ ಹಿಡಿದು ಬಂದ ರಾಯರು ಇದನ್ನು ಕಂಡರು. ಮೊದಲು ಅವರಿಗೆ ಹೆಮ್ಮೆಯಾಯಿತು. ಎಷ್ಟು ಚೆನ್ನಾಗಿ ಹೇಳುತ್ತಿದ್ದಾಳೆ! ಆಮೇಲೆ ಬೆವರು ಬಂತು.

“ಅಯ್ಯೋ, ಹಾಗಲ್ಲ ರಾಮಕೃಷ್ಣಗಾರೂ, ಹಾಗೆ ಹೇಳು ಅಂತ ನಾನೇ ಕಲಿಸಿದ್ದು” ಎಂದರು ತೆಲುಗಿನಲ್ಲಿ.

(ತೆಲುಗನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಮೂಲದಲ್ಲಿ ಖಾರ ಜಾಸ್ತಿ ಇತ್ತು.)

“ನಿಮ್ಮ ಜಾಗವನ್ನು ತನ್ನದು ಅನ್ನು ಅಂತ ನೀವೇ ಕಲಿಸಿದಿರಾ?”

“ಅದು ನಮ್ಮಿಬ್ಬರ ನಡುವಿನ ಒಂದು ಸಿಂಬಯೋಸಿಸ್.”

ಬಿಲ್ಡರ್ ಕನ್ನಡಕ ತೆಗೆದ. “ಅದು ರಿಜಿಸ್ಟರ್ ಆಗಿದೆಯಾ?”

ಕೊನೆಗೆ ಅವನು ಹೇಳಿದ್ದು ಇಷ್ಟು: ಸುತ್ತಲಿನವರೆಲ್ಲ ಇದು ಇವಳದೇ ಎಂದುಕೊಂಡಿದ್ದಾರೆ. ನಾಳೆ ಯಾರಾದರೂ ಇವಳ ತಲೆ ತುಂಬಿದರೆ ನನ್ನ ಸಿಮೆಂಟು ಮುಳುಗುತ್ತದೆ. ಮುಂದಿನ ಭಾನುವಾರ ಇದೇ ಜನರ ಎದುರಿಗೆ, ಈ ಜಾಗ ನನ್ನದಲ್ಲ ಎಂದು ಇವಳು ಹೇಳಲಿ. ಹೇಳಿ ಜಾಗ ಬಿಡಲಿ. ಆಮೇಲೆ ಮಾತು.

ತೆಂಗಿನಕಾಯಿ ಒಡೆಯದೆ ಮನೆಗೆ ವಾಪಸಾಯಿತು. ಯಮುನಾಬಾಯಿ ಚಟ್ನಿ ಮಾಡಿದರು.

7

ಭಾನುವಾರಕ್ಕೆ ಮೊದಲು ರಾಯರು ಮೆಹದಿಪಟ್ಟಣಂನಿಂದ ಬಸ್ಸು ಹಿಡಿದು ಒಬ್ಬರೇ ಹೋದರು. ದಾರಿಯುದ್ದಕ್ಕೂ ಅಭ್ಯಾಸ ಮಾಡಿದ ಮಾತು ಗುಡಿಸಲಿನ ಮುಂದೆ ಮರೆತುಹೋಯಿತು. ಸುಗಲಮ್ಮ ಹೊರಸಿನ ಮೇಲೆ ಕೌದಿ ಹಾಸಿ ಕೂರಿಸಿದಳು, ಚಹಾ ಕೊಟ್ಟಳು.

“ಭಾಳ ತಪ್ಪಾತೇನ್ರಿ ಸಾಹೇಬ್ರ ಅವತ್ತು?”

“ತಪ್ಪೇನಿಲ್ಲ ಬಿಡು. ಆದ್ರ ಐತವಾರ ಅವರೆಲ್ಲಾ ಬರ್ತಾರ. ಆಗ, ನಂದಲ್ಲ ಅಂತ ಅನ್ನಬೇಕಾಗ್ತದ. ಆಮ್ಯಾಲ ಇಲ್ಲೆ ಅಪಾರ್ಟ್‌ಮೆಂಟ್ ಏಳ್ತದ, ಜಾಗಾ ಬಿಡಬೇಕಾಗ್ತದ.”

“ಅಂತೀನ್ರಿ. ಕಲಿಸಿದವರು ನೀವು, ಬಿಡು ಅಂದ್ರ ಬಿಡೂದು. ನಿಮ್ಮ ಜಾಗಾ ತೊಗೊಂಡು ನಾ ಏನ್ ಮಾಡ್ಲಿ?” ಎಂದು ಅವಳು ಎದುರಿಗೆ ಕೂತಳು. “ಒಂದ ಮಾತು ಕೇಳ್ತೀನ್ರಿ. ಅಪಾರ್ಟ್‌ಮೆಂಟ್ ಎದ್ದ ಮ್ಯಾಲ ಮೆಟ್ಟಲ ಕೆಳಗ ವಾಚ್‌ಮನ್ನಂದು ಒಂದು ಖೋಲಿ ಇರ್ತೈತಲ್ರಿ. ಅದು ನಮಗ ಕೊಡಸ್ರಿ. ಗಂಗಾನ ಸಾಲಿ ಇಲ್ಲೇ ಐತಿ. ಮತ್ತ ಸೈಟಿನ ಶೆಡ್ಡಿಗಿ ಹೋದ್ರ, ಇವತ್ತೊಂದು ಸೈಟು ನಾಳಿ ಒಂದು ಸೈಟು, ಹುಡುಗಿ ಸಾಲಿ ಬಿಟ್ಟಂಗ ರೀ.”

ರಾಯರು ಚಹಾ ಮುಗಿಸಿ ಹೇಳಿದರು: “ನೋಡೋಣಂತ.”

ಸರಕಾರಿ ಕಚೇರಿಯಲ್ಲಿ ಜೀವಮಾನ ಕಳೆದವರ ‘ನೋಡೋಣ’ ಎಂದರೆ ಏನು ಎಂಬುದು ಓದುಗರಿಗೆ ಗೊತ್ತು. ಸುಗಲಮ್ಮನಿಗೆ ಗೊತ್ತಿರಲಿಲ್ಲ. ಅವಳ ಮುಖ ಹಗುರಾಯಿತು. ಅದನ್ನು ಕಂಡು ರಾಯರು ಚಪ್ಪಲಿ ಹುಡುಕತೊಡಗಿದರು.

ಅವರು ನಿಜಕ್ಕೂ ಬಿಲ್ಡರ್‌ನನ್ನು ಫೋನಿನಲ್ಲಿ ಕೇಳಿದರು, ಅಷ್ಟು ನ್ಯಾಯ ಅವರಿಗೆ ಸಲ್ಲಬೇಕು. ಅವನು ನಕ್ಕ. ಸೆಕ್ಯುರಿಟಿಗೆ ಏಜೆನ್ಸಿಯಿದೆ, ಯೂನಿಫಾರ್ಮಿನವರು ಬರುತ್ತಾರೆ, ಸೀಟಿ ಊದುತ್ತಾರೆ, ಸಲ್ಯೂಟ್ ಹೊಡೆಯುತ್ತಾರೆ. ಒಮ್ಮೆ ನನ್ನದು ಎಂದವಳನ್ನು ಮೆಟ್ಟಿಲ ಕೆಳಗೆ ಇಟ್ಟುಕೊಳ್ಳಲು ನನಗೇನು ಹುಚ್ಚೇ?

ಈ ಉತ್ತರವನ್ನು ರಾಯರು ಸುಗಲಮ್ಮನಿಗೆ ತಿಳಿಸಲಿಲ್ಲ. ತಿಳಿಸಲು ಹೊರಟು, ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಬಿಸಿಲು ಜಾಸ್ತಿ ಎಂದು ವಾಪಸು ಬಂದರು. (ಆಕಾಶದಲ್ಲಿ ಮೋಡ ಕವಿದಿತ್ತು. ನಾನೇ ಕವಿಸಿದ್ದೆ.)

ಮುಕ್ತಾಯಗಳು

ಈಗ ಭಾನುವಾರ ಬರಬೇಕು, ಕತೆ ಮುಗಿಯಬೇಕು. ಸುಗಲಮ್ಮ ಅಲ್ಲಿರುತ್ತಾಳೋ, ಹೋಗುತ್ತಾಳೋ? ನಾನು ಒಂದಷ್ಟು ಮುಕ್ತಾಯ ಬರೆದು ಎಲ್ಲರಿಗೂ ತೋರಿಸಿದೆ.

ರಾಯರು ಮನಸ್ಸು ಕರಗಿ ಅರ್ಧ ಪ್ಲಾಟು ಸುಗಲಮ್ಮನ ಹೆಸರಿಗೆ ಬರೆದುಕೊಡುತ್ತಾರೆ. ಇದನ್ನು ಬರೆದು ನನಗೆ ನಾನೇ ಭೇಷ್ ಅಂದುಕೊಂಡೆ. ಯಮುನಾಬಾಯಿ ಓದಿ ಕನ್ನಡಕ ಹಣೆಗೇರಿಸಿದರು: “ಚಂದ ಅದ. ನಿಮ್ಮ ಪ್ಲಾಟು ಯಾವುದರೆ ಇದ್ರ ಕೊಡ್ರಿ, ನಾವ್ಯಾಕ ಬ್ಯಾಡ ಅನ್ನೋಣು?”

ಸುಗಲಮ್ಮ ಗಟ್ಟಿಯಾಗಿ ನಿಲ್ಲುತ್ತಾಳೆ, ಕೋರ್ಟಿಗೆ ಹೋಗುತ್ತಾಳೆ, ಗೆಲ್ಲುತ್ತಾಳೆ. ಇದು ನನ್ನ ಗೆಳೆಯರಿಗೆ ಬಹಳ ಹಿಡಿಸಿತು. ಅವರಲ್ಲಿ ಯಾರೂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಸುಗಲಮ್ಮ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. “ಯಾರು ಅಡ್ಡಾಡ್ತಾರ್ರಿ ಕೋರ್ಟಿಗಿ? ನಮ್ಮ ಮನಿಯವ್ರ ದುಡಿಮಿ ಬಿಡಿಸಿ? ಗೆದ್ದ ಮ್ಯಾಲ ಸಾಹೇಬ್ರ ಮಾರಿ ಹ್ಯಾಂಗ ನೋಡ್ಲಿ? ಅವರು ಇಲ್ಲಿ ಕೂತು ಕುಡದ ಚಹಾಕ್ಕ ಏನ್ ಬೆಲಿ ಉಳೀತ್ರಿ?”

ನಂದಲ್ಲ ಎಂದು ಹೇಳಿ, ಗಂಟು ಕಟ್ಟಿ, ಮಗಳ ಕೈ ಹಿಡಿದು ಹೆದ್ದಾರಿಯ ಅಂಚಿನಲ್ಲಿ ನಡೆದು ಹೋಗುತ್ತಾಳೆ, ಮೇಲೆ ವಿಮಾನ ಹಾರುತ್ತದೆ. ಪ್ರಾಜಕ್ತಾ ಹೇಳಿದಳು: “ವಿಮಾನ ತಗೀರಿ ಅಂಕಲ್. ಭಾಳ ಆತು.” ವಿಮಾನ ತೆಗೆದೆ. ತೆಗೆದ ಮೇಲೆ ಉಳಿದದ್ದು ಬರೀ ಅನ್ಯಾಯ. ಅದನ್ನು ಯಾರೂ ಅಚ್ಚು ಹಾಕುವುದಿಲ್ಲ.

8

ಆದ್ದರಿಂದ ನಡೆದದ್ದನ್ನೇ ಹೇಳುತ್ತೇನೆ.

ಭಾನುವಾರ ಬೆಳಿಗ್ಗೆ ಬಿಲ್ಡರ್ ಬಂದ, ಸುತ್ತಲಿನ ಪ್ಲಾಟುಗಳ ಕಾವಲಿನವರು ಬಂದರು. ರಾಯರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಜೊತೆಗೆ ಧೈರ್ಯಕ್ಕೆ ಪ್ರಾಜಕ್ತಾಳನ್ನು ಕರೆದುಕೊಂಡು ಬಂದರು. ಅಮರಯ್ಯ ಕೆಲಸಕ್ಕೆ ಹೋಗದೆ ನಿಂತಿದ್ದ. ಸುಗಲಮ್ಮ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

ಬಿಲ್ಡರ್ ಎಲ್ಲರಿಗೂ ಕೇಳುವಂತೆ ಕೇಳಿದ: “ಹೇಳಮ್ಮಾ. ಈ ಜಾಗ ಯಾರದು?”

ಸುಗಲಮ್ಮ ರಾಯರ ಕಡೆ ತಿರುಗಿದಳು.

“ಸಾಹೇಬ್ರ, ಖೋಲಿದು ಏನಾತ್ರಿ?”

ಅವಳು ಕನ್ನಡದಲ್ಲಿ ಕೇಳಿದ್ದರಿಂದ ಬಿಲ್ಡರ್‌ಗೆ ತಿಳಿಯಲಿಲ್ಲ. ಅಮರಯ್ಯನಿಗೆ ತಿಳಿಯಿತು, ಪ್ರಾಜಕ್ತಾಳಿಗೆ ತಿಳಿಯಿತು. ಇಬ್ಬರೂ ರಾಯರ ಮುಖ ನೋಡಿದರು. ಇಲ್ಲ ಎನ್ನಬೇಕಿತ್ತು, ಅಥವಾ ಕೊಡಿಸುತ್ತೇನೆ ಎಂದು ಬಿಲ್ಡರ್‌ನ ಜೊತೆ ಜಗಳ ಆಡಬೇಕಿತ್ತು. ನಾನು ಎರಡೂ ವಾಕ್ಯಗಳನ್ನು ಬರೆದು ಅವರ ಬಾಯಿಯ ಹತ್ತಿರ ಹಿಡಿದೆ.

(“ಹೇಳಿ ರಾಯರೇ. ಯಾವುದಾದರೂ ಒಂದು.”

“ನೀವು ಸುಮ್ಮನಿರ್ರಿ. ಬರಿಯೂದು ಸಸಾರ. ನಿಲ್ಲೂದು ಇಲ್ಲೆ ನಾನು.”)

ಪ್ರಾಣೇಶರಾಯರು ಗಂಟಲು ಸರಿಮಾಡಿಕೊಂಡರು. “ನೋಡಿ, ಯಾರದು ಎಂದು ಕೇಳುವುದೇ ಸರಿಯಲ್ಲ” ಎಂದು ತೆಲುಗಿನಲ್ಲಿ ಶುರು ಮಾಡಿದರು. “ಗ್ರೀಕ್ ಭಾಷೆಯಲ್ಲಿ ಒಂದು ಪದ ಇದೆ...”

ಅವರು ಸಿನ್ ಎಂದರೇನು ಹೇಳಿದರು. ಬಯೋಸ್ ಎಂದರೇನು ಹೇಳಿದರು. ಜರ್ಮನಿಗೆ ಹೋದರು. ಕಲ್ಲುಹೂವಿಗೆ ಬಂದರು, ಬೂಷ್ಟು ಮತ್ತು ಪಾಚಿಯ ತೆಲುಗು ಹೆಸರು ಹೊಳೆಯದೆ ಹಿಂದಿಗೆ ಇಳಿದರು, ಹಿಂದಿಯೂ ಸಾಲದೆ ಇಂಗ್ಲಿಷಿಗೆ ಏರಿದರು. ಪಕ್ಕದ ಪ್ಲಾಟಿನ ಮುದುಕ ಇದು ಯಾವುದೋ ಪೂಜೆಯ ಸಂಕಲ್ಪ ಎಂದುಕೊಂಡು ತಲೆಗೆ ಟವೆಲು ಹೊದ್ದುಕೊಂಡ. ಬಿಲ್ಡರ್ ಒಂದು ಮೊಬೈಲಿನಲ್ಲಿ ಮಾತಾಡಿ, ಇಟ್ಟು, ಇನ್ನೊಂದರಲ್ಲಿ ಮಾತಾಡಿದ. ಪ್ರಾಜಕ್ತಾ “ಅಪ್ಪಾ” ಎಂದಳು, “ಅಪ್ಪಾ, ಸಾಕು” ಎಂದಳು. ರಾಯರು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಸುಗಲಮ್ಮನ ಪ್ರಶ್ನೆ ಅಲ್ಲೇ ನಿಂತಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ನಾನು ಸಂಜೆ ಕಾಲೇಜಿನಲ್ಲಿ ಕೇಳಿದ ಯಾವ ಪಾಠವೂ ಅಷ್ಟು ವಿವರವಾಗಿರಲಿಲ್ಲ.

ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು. ಸುಗಲಮ್ಮ ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

“ಸಾರ್, ನೀವು ತೀರ್ಮಾನ ಮಾಡಿಕೊಂಡು ಫೋನ್ ಮಾಡಿ” ಎಂದು ಬಿಲ್ಡರ್ ಕಾರು ಹತ್ತಿದ. ಅಮರಯ್ಯ ರಾಯರನ್ನು ಬಸ್ಸಿನವರೆಗೆ ಬಿಡಲು ಬಂದ. ಬಸ್ಸು ಹೊರಡುವ ಮೊದಲೇ ತಿರುಗಿ ನಡೆದ.

9

ಮುಂದಿನ ಸಲ ರಾಯರು ಹೋದಾಗ ಗುಡಿಸಲಿನ ಬಾಗಿಲಿಗೆ ಸರಪಳಿ ಹಾಕಿತ್ತು. ಒಲೆ ತಣ್ಣಗಿತ್ತು. ಪಕ್ಕದ ಮುದುಕ ಹೇಳಿದ: ಅಮ್ಮ ಊರಿಗೆ ಹೋದರು, ಮೂವರೂ ಹೋದರು, ಏನೋ ಮದುವೆಯಂತೆ. ಸಾಕಿದ ಕೋಳಿಗಳನ್ನು ಬಿಟ್ಟು ಹೋಗಿದ್ದಾರೆ.

ರಾಯರು ಕೋಳಿಗಳನ್ನು ಬಹಳ ಹೊತ್ತು ನೋಡಿದರು. ಕೋಳಿ ಬಿಟ್ಟು ಹೋದವಳು ತಿರುಗಿ ಬರುತ್ತಾಳೆ ಎಂದು ಒಂದು ಮನಸ್ಸು. ಬಸ್ಸಿನಲ್ಲಿ ಕೋಳಿ ಹತ್ತಿಸಿಕೊಳ್ಳುವುದಿಲ್ಲ, ಅದಕ್ಕೆ ಬಿಟ್ಟಿದ್ದಾಳೆ ಎಂದು ಇನ್ನೊಂದು ಮನಸ್ಸು. ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಜೀಪು ನಿಧಾನವಾಗಿ ಹಾದುಹೋಯಿತು. ಒಳಗಿದ್ದವರು ಹೊಗೆ ಏಳದ ಒಲೆಯನ್ನು ನೋಡಿದರು. ಮುಂದೆ ಹೋಗಿ, ತಿರುಗಿಸಿಕೊಂಡು, ಮತ್ತೊಮ್ಮೆ ನೋಡಿದರು.

ಪ್ರಾಣೇಶರಾಯರು ಸರಪಳಿ ತೆಗೆದು ಒಳಗೆ ಹೋದರು. ಒಲೆ ಹಚ್ಚಲು ಬರುತ್ತಿರಲಿಲ್ಲ, ಆದರೂ ಹಚ್ಚಿದರು. ಅವರ ಕಣ್ಣಲ್ಲಿ ನೀರು ಬಂತು. (ಹೊಗೆ.)

ಅಂದಿನಿಂದ ಅವರು ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ತಮ್ಮ ಪ್ಲಾಟಿನ ಕಾವಲು ಕೂರುತ್ತಿದ್ದಾರೆ. ಯಮುನಾಬಾಯಿ ಟಿಫಿನ್ ಕ್ಯಾರಿಯರ್ ಕಟ್ಟಿ ಕೊಡುತ್ತಾರೆ, ಕೋಳಿಗೆಂದು ಅಕ್ಕಿ ನುಚ್ಚು ಬೇರೆ. ರಜೆಯ ದಿನ ಪ್ರಾಜಕ್ತಾ ಬಂದು, ಹೊರಸಿನ ಮೇಲೆ ಕೂತಿದ್ದ ಅಪ್ಪನನ್ನು ನೋಡಿ ನಗಬಾರದೆಂದು ಪ್ರಯತ್ನಿಸಿ ಸೋತಳು.

“ಅಪ್ಪಾ, ಅವತ್ತ ಒಂದು ಹೇಳೂದು ಬಿಟ್ಟಿದ್ದೆ. ಕಲ್ಲುಹೂವಿನ್ಯಾಗ ಪಾಚಿನ ಬಿಡಿಸಿ ಹೊರಗ ಇಟ್ರ, ಭಾಳ ಸಲ ಅದು ಒಂಟಿಯಾಗೇ ಬದುಕ್ತದ. ಬೂಷ್ಟಿಗೆ ಕಷ್ಟ.”

“ಅದಕ್ಕ?”

“ಏನಿಲ್ಲ. ಬಾಟನಿ ಹೇಳಿದೆ.” ಆಮೇಲೆ ನಗು ಬಿಟ್ಟು ಕೇಳಿದಳು: “ಆಕಿ ಬಂದ್ರ ಖೋಲಿ ವಿಷಯ ಏನ್ ಹೇಳ್ತೀ?”

ರಾಯರು ಕೋಳಿಗೆ ನುಚ್ಚು ಎರಚಿದರು. ಪ್ರಾಜಕ್ತಾ ಕಾದಳು. ಅವರು ಇನ್ನೂ ಎರಚಿದರು.

10

(ಸುಗಲಮ್ಮಾ, ಒಂದು ನಿಮಿಷ ಬಾ. ಹೊಸ ಉಪಮೆಯೇನೂ ಇಲ್ಲ, ಆಣೆ. ವಾಪಸು ಬರುತ್ತೀಯಾ ಎಂದಷ್ಟೇ ಕೇಳಬೇಕು.)

(                    )

ಬರಲಿಲ್ಲ. ಕತೆಯ ಆಚೆ ಎಲ್ಲಿ ಹೋಗಿದ್ದಾಳೋ ಅಲ್ಲಿಗೆ ನನ್ನ ಆವರಣ ಎಟುಕುವುದಿಲ್ಲ.

ಮೊನ್ನೆ ಮಧ್ಯಾಹ್ನ ಪ್ಲಾಟಿನ ಮುಂದೆ ಒಂದು ಕಾರು ನಿಂತಿತು. ಜಾಗ ಹುಡುಕುತ್ತಿದ್ದ ಯಾರೋ ಗಂಡ ಹೆಂಡತಿ, ಇಬ್ಬರ ಕೊರಳಲ್ಲೂ ಕಂಪನಿಯ ಐಡಿ ಕಾರ್ಡು. ಈ ಜಾಗ ಯಾರದು ಎಂದು ಗಂಡ ಕೇಳಿದ.

“ನಮ್ಮದು” ಎಂದರು ರಾಯರು. ಕೈಯಲ್ಲಿ ಪೊರಕೆಯೂ ಇತ್ತು.

ಗಂಡ ಅವರ ಮಾಸಿದ ಬನಿಯನ್ನನ್ನು, ಕಾಲ ಬಳಿಯ ಕೋಳಿಗಳನ್ನು ನೋಡಿದ. “ಅಲ್ಲ ತಾತಾ, ನಿಮ್ಮನ್ನು ಇಲ್ಲಿ ಇಟ್ಟವರು ಯಾರು? ಆ ಕಡೆ ವಿಚಾರಿಸಿದ್ದಕ್ಕೆ ಯಾರೋ ಅಮ್ಮನ ಜಾಗ ಅಂದರು. ಅಮ್ಮ ಇದ್ದಾರಾ?”

ಪ್ರಾಣೇಶರಾಯರು ಪೊರಕೆಯನ್ನು ಗೋಡೆಗೆ ಆನಿಸಿದರು. ಜೇಬಿನಲ್ಲಿ ಜಾಗದ ಕಾಗದಗಳ ಜೆರಾಕ್ಸ್ ಇತ್ತು, ದಿನಾ ತರುತ್ತಿದ್ದರು. ಅದನ್ನು ಹೊರಗೆ ತೆಗೆಯಲಿಲ್ಲ.

“ಊರಿಗೆ ಹೋಗಿದ್ದಾರೆ” ಎಂದರು. “ಬರ್ತಾರೆ.”

“ಯಾವಾಗ?”

ರಾಯರು ನನ್ನ ಕಡೆ ನೋಡಿದರು. ಇಷ್ಟು ಹೊತ್ತು ನನ್ನನ್ನು ಸುಮ್ಮನಿರು ಎನ್ನುತ್ತಿದ್ದವರು ಈಗ ವಾಕ್ಯಕ್ಕಾಗಿ ಕಾಯುತ್ತಿದ್ದರು. ಪದದ ಹುಟ್ಟು ನನಗೆ ಗೊತ್ತು, ಅರ್ಥವೂ ಅಷ್ಟಿಷ್ಟು ಗೊತ್ತು. ಭಾನುವಾರ ರೊಟ್ಟಿ ಸೀಯದಿದ್ದರೆ ಸುಗಲಮ್ಮ ಏನು ಹೇಳುತ್ತಿದ್ದಳು, ಆ ಮದುವೆ ಇದೆಯೋ ಇಲ್ಲವೋ, ಗಂಗಾ ಶಾಲೆಗೆ ಹೋಗುತ್ತಿದ್ದಾಳೋ, ಸುಗಲಮ್ಮನೇ ಬಂದು ಮತ್ತೆ ಖೋಲಿಯ ಮಾತು ಕೇಳಿದರೆ ಈ ಮನುಷ್ಯ ಈ ಸಲವಾದರೂ ಕನ್ನಡದಲ್ಲಿ ಉತ್ತರ ಕೊಡುತ್ತಾರೋ, ಇದ್ಯಾವುದೂ ನನಗೆ ಗೊತ್ತಿಲ್ಲ.